ಗೊತ್ತಿಲ್ಲವೆಂದ ಕೊರವಂಜಿ

ಹೆಸರಿಡುವವರಿಗೆ ಮಗುವಿನ ಮುಂದಿನ ಆಕಾರ ತಿಳಿದಿರುವುದಿಲ್ಲ ಎಂಬುದಕ್ಕೆ ಕುಲಗೋಡದಲ್ಲಿ ಒಂದು ಮನೆಯೇ ಸಾಕ್ಷಿಯಾಗಿತ್ತು. ಆ ಮನೆಯ ದುಂಡಪ್ಪ ಉದ್ದ, ಉದ್ದವ್ವ ದುಂಡ. ಗಂಡಹೆಂಡತಿ ಸಂತೆಗೆ ಹೊರಟರೆ ಕಬ್ಬಿನ ಜಲ್ಲೆಯೊಂದು ನೀರಿನ ಗಡಿಗೆಯನ್ನು ಕರೆದುಕೊಂಡು ಹೊರಟ ಹಾಗೆ ಕಾಣುತ್ತಿತ್ತು. ಮದುವೆಯ ದಿನವೇ ಯಾರೋ ಹಿರಿಯರು, "ಹೆಸರ ಅದಲಾಬದಲಿ ಮಾಡಿಬಿಡ್ರಿ, ಸರಿಹೋಗತೈತಿ" ಎಂದಿದ್ದರಂತೆ. ಉದ್ದವ್ವ ಒಪ್ಪಲಿಲ್ಲ. "ಇದೊಂದರ ನಂದು ಅಂತ ಇರ್ಲಿ" ಎಂದಳು. ಸಣ್ಣಾಟದವನನ್ನು ಕಟ್ಟಿಕೊಂಡ ಮೇಲೆ ಉಳಿದ ಯಾವುದೂ ಮನೆಯಲ್ಲಿ ನಿಲ್ಲುವುದಿಲ್ಲ ಎಂಬ ಎಚ್ಚರ ಅವಳಿಗೆ ಅಕ್ಕಿಕಾಳು ಬೀಳುವಾಗಲೇ ಇತ್ತು.

ಸಣ್ಣಾಟವೆಂದರೆ ಗೋಕಾಕ, ಮೂಡಲಗಿ ಕಡೆಯ ಬಯಲ ನಾಟಕ. ಒಂದು ಹಾರ್ಮೋನಿಯಂ ಪೇಟಿ, ಒಂದು ತಬಲಾ, ನಾಲ್ಕು ಕಂಬದ ಹಂದರ ಇದ್ದರೆ ಮುಗಿಯಿತು. ಕತೆ ದೇವರದ್ದು, ಹಾಡು ಭಾಗವತನದ್ದು, ಆದರೆ ಜನ ಬರುವುದು ಮಾತ್ರ ನಗಿಸುವವನಿಗಾಗಿ. ಸಾವಿರದ ಒಂಬೈನೂರ ಮೂವತ್ತರ ಆಸುಪಾಸಿನಲ್ಲಿ ಹುಕ್ಕೇರಿಯಿಂದ ಮೂಡಲಗಿಯವರೆಗೆ ಆ ನಗಿಸುವವನು ದುಂಡಪ್ಪ. ಒಂದೇ ಆಟದಲ್ಲಿ ಅವನು ಮುದುಕನಾಗಿ ಬಂದು ಕೆಮ್ಮಿ, ಫೌಜದಾರನಾಗಿ ಬಂದು ಆ ಮುದುಕನನ್ನು ಹುಡುಕಿ, ಮುದುಕನ ಹೆಂಡತಿಯಾಗಿ ಬಂದು ಫೌಜದಾರನಿಗೆ ಬೈದು ಹೋಗುತ್ತಿದ್ದ. ಮೀಸೆ ಬೋಳಿಸಬೇಕಾಗಿ ಬಂದಾಗ ಬೋಳಿಸುತ್ತಿದ್ದ, ಬೇಕಾದಾಗ ಕಾಡಿಗೆಯಲ್ಲಿ ಬರೆದುಕೊಳ್ಳುತ್ತಿದ್ದ. ಊರಿನವರಿಗೆ ಅವನ ಖರೆ ಮುಖ ಯಾವುದೆಂದು ಕೊನೆಯವರೆಗೂ ಖಾತ್ರಿಯಾಗಲಿಲ್ಲ.

ಒಮ್ಮೆ ಶಿವನ ಪಾತ್ರದವನಿಗೆ ಜ್ವರ ಬಂದು ದುಂಡಪ್ಪನೇ ಶಿವನಾಗಬೇಕಾಯಿತು. ಪಾಪ, ಬಹಳ ಗಂಭೀರವಾಗಿಯೇ ನಿಂತಿದ್ದ. ಜನ ಅವನ ಜಡೆ ನೋಡಿ ನಕ್ಕರು, ಸುಮ್ಮನಿದ್ದುದಕ್ಕೆ ನಕ್ಕರು, ವರ ಕೊಟ್ಟಾಗಲಂತೂ ಮುಂದಿನ ಸಾಲಿನ ಇಬ್ಬರು ಒಬ್ಬರ ಮೇಲೊಬ್ಬರು ಉರುಳಿದರು. ಕೈಲಾಸವನ್ನು ಅಷ್ಟು ಲಘುವಾಗಿ ಯಾರೂ ಎತ್ತಿರಲಿಲ್ಲ, ರಾವಣನೂ.

ಇಂಥವನಿಗೆ ಒಂದು ವಿಚಿತ್ರ ಗುಣವಿತ್ತು. ಯಾರು ಏನೇ ಹೇಳಲಿ, "ಖರೇನು? ತೋರಸ್ರಿ" ಎನ್ನುತ್ತಿದ್ದ. ಊರಿನವರು ಅವನ ಬೆನ್ನ ಹಿಂದೆ 'ತೋರಸ್ರಿ ದುಂಡಪ್ಪ' ಎನ್ನುತ್ತಿದ್ದರು. ಒಳ್ಳೆಯ ದಿನ ನೋಡಿ ಬಿತ್ತಬೇಕೆಂದು ಹೇಳಿದಾಗ ಅರ್ಧ ಹೊಲವನ್ನು ಒಳ್ಳೆಯ ದಿನ, ಉಳಿದರ್ಧವನ್ನು ಕೆಟ್ಟ ದಿನ ಬಿತ್ತಿ ನೋಡಿದ. ಎರಡೂ ಕಡೆ ಜೋಳ ಒಂದೇ ಥರ ಬಂತು, ಅಂದರೆ ಎರಡೂ ಕಡೆ ಬರಲಿಲ್ಲ. "ನಗಸಾವ ಬಿತ್ತಿದರ ಜ್ವಾಳಾನೂ ಹಲ್ಲ ಕಿಸೀತು" ಎಂದು ಉದ್ದವ್ವ ಹೇಳಿದಳು. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಎಂದು ಹಿರಿಯರು ನೆಲ ಮುಟ್ಟಿ ಹೇಳುತ್ತಿದ್ದರು. ಅದನ್ನೂ ಪರೀಕ್ಷಿಸಿದ. ಗೋಡೆಯ ಕೆಳಗೆ ಕೂತು, "ಗೋಕಾಕದ ಕರದಂಟು ಕಹಿ ಐತಿ" ಎಂದ. ಹಲ್ಲಿ ಲೊಚ್ ಎಂದಿತು. ಅಲ್ಲಿಂದ ಮುಂದೆ ಅವನ ಮನೆಯಲ್ಲಿ ಹಲ್ಲಿಯ ಸಾಕ್ಷಿ ನಡೆಯಲಿಲ್ಲ.

ಗೋಕಾಕದ ಪೇಟೆಯಲ್ಲಿ ಒಂದು ಭೂತಗನ್ನಡಿ ಕೊಂಡಿದ್ದ. ಭೂತ ಇಲ್ಲವೆನ್ನುವವನು ಭೂತಗನ್ನಡಿ ಇಟ್ಟುಕೊಂಡು ತಿರುಗುವುದೇನು ಎಂದು ಮೇಳದವರು ಕಾಡುತ್ತಿದ್ದರು. "ಇದರಾಗ ನೋಡಿದರ ಇದ್ದದ್ದ ದೊಡ್ಡದಾಗಿ ಕಾಣತೈತಿ. ಇಲ್ಲದ್ದು ಕಾಣಂಗಿಲ್ಲ. ನಿಮ್ಮ ಕಣ್ಣು ಇದಕ್ಕ ಉಲ್ಟಾ" ಎಂದು ಅವನ ಉತ್ತರ.

ಇಷ್ಟಿದ್ದೂ ಅವನ ಅತಿ ಜನಪ್ರಿಯ ಪಾತ್ರ ಯಾವುದೆಂದರೆ ಕೊರವಂಜಿ, ಬುಟ್ಟಿ ಹೊತ್ತು ಬಂದು ಕೈ ನೋಡಿ ಕಣಿ ಹೇಳುವವಳು. ದುಂಡಪ್ಪ ಸೀರೆಯ ಕಚ್ಚೆ ಬಿಗಿದು, ಬುಟ್ಟಿಯನ್ನು ಸೊಂಟಕ್ಕೆ ಇಟ್ಟು ನಿಂತನೆಂದರೆ ನಿಜವಾದ ಕಣಿಯವರೂ ಕಲಿಯಲು ಬರಬೇಕು. ಮೂಡಲಗಿಯ ಆಟದಲ್ಲಿ ಎಮ್ಮೆ ಕಳೆದುಕೊಂಡಿದ್ದ ಒಬ್ಬ ಪ್ರೇಕ್ಷಕನ ಕೈ ಹಿಡಿದು, "ನಿನ್ನ ಎಮ್ಮಿ ಮೂಡಣ ದಿಕ್ಕಿಗೆ ಐತಿ" ಎಂದುಬಿಟ್ಟ. ಮರುದಿನ ಎಮ್ಮೆ ಮೂಡಣ ದಿಕ್ಕಿನಲ್ಲೇ ಸಿಕ್ಕಿತು. ಎಮ್ಮೆಯವನು ತೆಂಗಿನಕಾಯಿ ಹಿಡಿದು ಬಂದಾಗ ದುಂಡಪ್ಪ, "ಯಪಾ, ನನ್ನ ಮಾರಿ ಆ ಕಡೆ ಇತ್ತು, ಅದಕ್ಕ ಹಂಗಂದೆ" ಎಂದು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಕಾಯಿ ಇಟ್ಟು, ನಕ್ಕು, ಕಾಲಿಗೆ ಬಿದ್ದು ಹೋದ. ಹೀಗೆ ದುಂಡಪ್ಪನ ಕಷ್ಟ ಎರಡು ಕವಲಾಗಿತ್ತು. ಧೋತರ ಉಟ್ಟು ಹೇಳಿದ ಖರೆ ಮಾತಿಗೆ ಜನ ನಗುತ್ತಿದ್ದರು. ಸೀರೆ ಉಟ್ಟು ಹೇಳಿದ ಸುಳ್ಳನ್ನು ನಂಬುತ್ತಿದ್ದರು.

ಈ ಕಷ್ಟ ಬರೀ ನಗೆಯ ಸಂಗತಿಯಾಗಿ ಉಳಿಯದೆ ಮನೆಯೊಳಗೆ ಬಂದದ್ದು ಚನ್ನವ್ವನ ಲಗ್ನದ ವಿಷಯದಲ್ಲಿ.

ಚನ್ನವ್ವ ಉದ್ದವ್ವನ ತಮ್ಮನ ಮಗಳು. ಮೇಳವಂಕಿಯಲ್ಲಿ ಹುಟ್ಟಿದರೂ ಸೋದರತ್ತೆಯ ಕೈಯಲ್ಲೇ ಬೆಳೆದವಳು. ದುಂಡಪ್ಪ ದಂಪತಿಗೆ ಮಕ್ಕಳಿರಲಿಲ್ಲ. ಅವಳಿಗೆ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದ ಗುರುಲಿಂಗಪ್ಪ ಎಂಬ ಹುಡುಗ ಗೊತ್ತಾಗಿದ್ದ. ಹುಡುಗಿಯನ್ನು ನೋಡಲು ಅವನ ತಾಯಿ ಶಿವಗಂಗವ್ವ, ಸೋದರಮಾವ ಯಲ್ಲಾರಿ ಬಂದಿದ್ದರು. ಜೊತೆಗೆ ಹುಡುಗನೂ ಬಂದು, ಬಾಗಿಲ ಹೊರಗೆ ಎತ್ತುಗಳನ್ನು ನೋಡುವ ನೆಪದಲ್ಲಿ ಒಳಗೆ ನೋಡುತ್ತಿದ್ದ. ಎಲ್ಲ ಸರಿಹೋಯಿತು. ಸಕ್ಕರೆ ಹಂಚಿದರು. ಕೊನೆಗೆ ಚನ್ನವ್ವ ಹಿರಿಯರ ಕಾಲಿಗೆ ಬಿದ್ದಾಗ ತಲೆಯ ಮೇಲಿನ ಸೆರಗು ಜಾರಿ ಕುತ್ತಿಗೆಯ ಹಿಂಭಾಗ ಕಂಡಿತು. ಅದನ್ನು ಕಾಣಬಾರದವನು ಕಂಡ.

ಯಲ್ಲಾರಿ ದನದ ದಲಾಲಿ. ಹುಕ್ಕೇರಿಯ ದನದ ಪೇಟೆಯಲ್ಲಿ ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳಿನಲ್ಲಿ ದರ ಕುದುರಿಸುವುದು ಅವನ ಕಸಬು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡಿರುವ ಸುಳಿಯನ್ನು ನೋಡಿ, ಇದು ಮನೆ ಬೆಳಗಿಸುವ ಸುಳಿ, ಇದು ಒಡೆಯನನ್ನು ತಿನ್ನುವ ಸುಳಿ ಎಂದು ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಣ್ಣಿಗೆ ಅಭ್ಯಾಸವಾಗಿತ್ತು. ಎದುರಿಗೆ ಯಾರು ಬಗ್ಗಿದರೂ ಸುಳಿ ನೋಡುವುದು. ಮನೆಗೆ ಹಿಂತಿರುಗುವ ಬಸ್ಸಿನಲ್ಲಿ ಅಕ್ಕನ ಕಿವಿಯಲ್ಲಿ ಹೇಳಿದ. "ಹುಡುಗಿ ಚಲೋ ಅದಾಳ. ಆದರ ಹೆಡಕಿನಾಗ ಎಡಕ್ಕ ತಿರುಗಿದ ಸುಳಿ ಐತಿ. ಎತ್ತಿಗೆ ಇದ್ದರ ಅದು ಹಟ್ಟಿ ಹಿರೀ ದನಾ ನುಂಗತೈತಿ. ಸೊಸಿಗೆ ಇದ್ದರ ಅತ್ತೀನ."

ಹಟ್ಟಿಯ ಹಿರಿಯ ದನ ಎಂಬ ಹೋಲಿಕೆಗೆ ಶಿವಗಂಗವ್ವ ಬೇರೆ ದಿನವಾಗಿದ್ದರೆ ತಮ್ಮನ ಕೆನ್ನೆಗೆ ಬಾರಿಸುತ್ತಿದ್ದಳು. ಅಂದು ಬಸ್ಸಿನಲ್ಲೇ ಎದೆ ಹಿಡಿದುಕೊಂಡಳು. ವಾರದೊಳಗೆ ಮೇಳವಂಕಿಗೆ, ಅಲ್ಲಿಂದ ಕುಲಗೋಡಕ್ಕೆ ಮಾತು ಬಂತು. ಸುಳಿ ಇದ್ದ ಹುಡುಗಿ ನಮಗ ಬ್ಯಾಡ.

ಸುಳಿಗೂ ಸುಳ್ಳಿಗೂ ಒಂದು ಒತ್ತಕ್ಷರದ ಅಂತರ. ಆದರೆ ಹೆಣ್ಣಿನ ಮೇಲೆ ಬಿದ್ದ ಮಾತನ್ನು ಅಷ್ಟು ಸುಲಭವಾಗಿ ಒತ್ತಿ ಕೂರಿಸಲಾಗುವುದಿಲ್ಲ. ಒಂದು ಮನೆಯವರು ಸುಳಿ ಎಂದು ಬಿಟ್ಟ ಹುಡುಗಿಯನ್ನು ಇನ್ನೊಂದು ಮನೆಯವರು ಬಂದು ನೋಡುವುದೂ ಇಲ್ಲ. ಚನ್ನವ್ವ ಅಳಲಿಲ್ಲ. ಸೆರಗನ್ನು ಕಿವಿಯ ಕೆಳಗಿನವರೆಗೆ ಎಳೆದುಕೊಂಡು ತಿರುಗತೊಡಗಿದಳು. ಒಂದು ದಿನ ದುಂಡಪ್ಪ ಅಂಗಳದಲ್ಲಿ ಕೂತಾಗ ಹಿಂದೆ ಬಂದು ನಿಂತಳು.

"ಮಾಮಾ, ನಂದು ನನಗ ಕಾಣಂಗಿಲ್ಲ. ಎಲ್ಲಾರೂ ನೋಡ್ಯಾರ, ನಾ ಒಬ್ಬಾಕಿನ ನೋಡಿಲ್ಲ. ನಿಮ್ಮ ಭೂತಗನ್ನಡಿ ಹಿಡದು ಹೇಳ್ರಿ, ಅಷ್ಟು ಕೆಟ್ಟ ಐತೇನು?"

ದುಂಡಪ್ಪ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದ. "ಬಾವ್ಯಾಗ ಕಲ್ಲ ಒಗದರ ನೀರ ಸುತ್ತ ತಿರುಗತೈತಲ್ಲ, ಹಂಗ ಐತಿ" ಎಂದ. "ಚಂದ ಐತಿ ತಂಗಿ. ಕೂದಲಾ ಅದು. ಕೂದಲಿಗೆ ನಿನ್ನ ಅತ್ತಿ ಯಾರು ಅಂತ ಹೆಂಗ ಗೊತ್ತಾಗಬೇಕು?"

ಅವಳು ನಕ್ಕಳು. ಆಮೇಲೆ ಮೆಲ್ಲಗೆ, "ಅಂವ ಏನರ ಅಂದನಂತೇನು?" ಎಂದು ಕೇಳಿದಳು. ಅಂವ ಎಂದರೆ ಗುರುಲಿಂಗಪ್ಪ. ಅವನು ಏನೂ ಅಂದಿರಲಿಲ್ಲ. ಶಿವಗಂಗವ್ವನ ಎದುರಿಗೆ ಗಿರಣಿಯ ಪಾಳಿ ಕೂಗುವ ಭೋಂಗಾ ಒಂದೇ ಬಾಯಿ ತೆರೆಯುತ್ತಿತ್ತು, ಅದೂ ಹೊತ್ತಿಗೆ ಸರಿಯಾಗಿ.

ಮರುದಿನವೇ ದುಂಡಪ್ಪ ಮಡಿ ಧೋತರ ಉಟ್ಟು, ಕೋಟು ತೊಟ್ಟು, ಫಾಲ್ಸಿನ ಗಿರಣಿ ಕೆಲಸಗಾರರ ಸಾಲುಮನೆಗಳ ಚಾಳಿಗೆ ಹೋದ. ಶಿವಗಂಗವ್ವನ ಮನೆಯಲ್ಲಿ ಅವಳ ಅತ್ತೆ ಸುಂದ್ರವ್ವನೂ ಇದ್ದಳು. ಎಂಬತ್ತು ದಾಟಿದ ಮುದುಕಿ, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಆಟದವನನ್ನು ಚಾಳಿನವರು ಮಾಸ್ತರ ಎಂದೇ ಕರೆಯುತ್ತಿದ್ದರು. ದುಂಡಪ್ಪನನ್ನು ಕಂಡದ್ದೇ ಶಿವಗಂಗವ್ವನ ಮುಖ ಅರಳಿತು.

"ಮಾಸ್ತರ್ರ ಬಂದ್ರು, ಚಾಪಿ ಹಾಸ. ಏ ಬಾಜೂ ಮನಿ ಬಾಳವ್ವ, ಬಾರಬೇ, ಮಾಸ್ತರ್ರ ಬಂದಾರ."

"ನಾ ಒಂದು ಗಂಭೀರ ಮಾತ ಆಡಾಕ ಬಂದೀನ್ರಿ ಅಕ್ಕಾರ" ಎಂದ ದುಂಡಪ್ಪ.

ಶಿವಗಂಗವ್ವ ಕಿಸಕ್ಕನೆ ನಕ್ಕಳು. ಬಾಗಿಲಲ್ಲಿ ನಿಂತ ಬಾಳವ್ವನೂ ನಕ್ಕಳು.

"ಹುಡುಗಿ ಸುಳಿ ವಿಷಯ. ಸುಳಿಯಿಂದ ಅತ್ತಿ ಸಾಯ್ತಾಳ ಅನ್ನಾಕ ಯಾರರ ಕಂಡಾರೇನ್ರಿ?"

ಶಿವಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಇನ್ನೂ ನಾಲ್ಕು ಮನೆಯ ಹೆಂಗಸರು ಬಂದು ಹೊಸ್ತಿಲಿಗೆ ಕೂತಿದ್ದರು.

"ಎತ್ತು ಬ್ಯಾರೆ, ಮನಷಾ ಬ್ಯಾರೆ. ಎತ್ತಿನ ಸುಳೀನ ಖರೆ ಅನ್ನಾಕ ಯಾರೂ ತೋರಿಸಿಲ್ಲ. ಅಂಥಾದ್ರಾಗ..."

"ಅಯ್ಯ, ಸಾಕ ಬಿಡ್ರಿ ಮಾಸ್ತರ, ನಕ್ಕ ನಕ್ಕ ಪಕ್ಕಿ ಹಿಡದಾವು" ಎಂದು ಬಾಳವ್ವ ಕಣ್ಣೊರೆಸಿಕೊಂಡಳು. ದುಂಡಪ್ಪ ಎದ್ದು ನಿಂತರೆ ನಗು, ಕೂತರೆ ನಗು. ಸಿಟ್ಟು ಬಂದು ಕೋಟಿನ ಗುಂಡಿ ಬಿಚ್ಚಿದ, ಅದಕ್ಕೆ ಅತಿ ಹೆಚ್ಚು ನಗು. ಚಹಾ ಕುಡಿಸಿ, ಎಲೆ ಅಡಿಕೆ ಕೊಟ್ಟು ಕಳಿಸಿದರು. ಬಾಗಿಲು ದಾಟುವಾಗ ಶಿವಗಂಗವ್ವ ಉಸಿರು ಹಿಡಿದುಕೊಂಡು, "ಹಿಂಗ ಬರ್ತಾ ಇರ್ರಿ. ಮನಸಿಗೆ ಹಗುರ ಆತು. ಹುಡುಗೀದು ಮಾತ್ರ ಆಗೂದಿಲ್ರಿ, ನನ್ನ ಜೀಂವದ ಪ್ರಶ್ನೆ" ಎಂದಳು. ಕೊನೆಯ ವಾಕ್ಯದಲ್ಲಿ ನಗುವಿರಲಿಲ್ಲ. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಕುಲಗೋಡಕ್ಕೆ ಮರಳಿದಾಗ ಉದ್ದವ್ವ ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದನ್ನು ಕೇಳಿ ಬಡಿತ ನಿಲ್ಲಿಸಿದಳು.

"ಅಲ್ರಿ, ನಿಮ್ಮ ಧೋತರದ ಮಾತ ಯಾರ ಕೇಳ್ಯಾರ ಇಷ್ಟ ದಿನಾ? ಸೀರಿ ಉಟ್ಟು ಹೇಳ್ರಿ."

"ಏನಂತ?"

"ಬರೂ ತಿಂಗಳ ಚಾಳಿನಾಗ ನಿಮ್ಮ ಆಟ ಐತಿ. ಅಕಿ ಮುಂದಿನ ಸಾಲಿನಾಗ ಕುಂತಿರ್ತಾಳ. ಕೊರವಂಜಿಗೆ ಖಣ ಕಾಯಿ ಆಯೇರಿ ಮಾಡಿ ಕಣಿ ಕೇಳೇ ಕೇಳ್ತಾಳ. ಆ ಸುಳಿ ಚಲೋ ಐತಿ, ಮನಿಗೆ ಭಾಗ್ಯ ತರತೈತಿ ಅಂದುಬಿಡ್ರಿ. ಲಗ್ನ ಆದಂಗ."

"ಚಲೋ ಐತಿ ಅಂತ ನನಗೇನ ಗೊತ್ತು? ಕೆಟ್ಟದಂತ ಅವರಿಗೆ ಗೊತ್ತಿಲ್ಲ, ಚಲೋದಂತ ನನಗ ಗೊತ್ತಿಲ್ಲ."

"ಒಂದ ಮಾತ ಸುಳ್ಳ ಹೇಳಿದರ ನಿಮ್ಮ ಬಾಯಿ ಸವೆಯೂದಿಲ್ಲ. ದಿನಾ ಹೇಳ್ತೀರಿ, ಫೌಜದಾರ ಅಂತ, ಮುದುಕಿ ಅಂತ."

"ಅದು ಸುಳ್ಳಂತ ಅವರಿಗೂ ಗೊತ್ತು, ನನಗೂ ಗೊತ್ತು. ಇದು ನನಗ ಒಬ್ಬಗ ಗೊತ್ತಿರತೈತಿ" ಎಂದ ದುಂಡಪ್ಪ. "ಮತ್ತ ನಾಳೆ ಯಾವದೋ ಮನ್ಯಾಗ, ಸುಳಿ ಇಲ್ಲ ಅಂತ ಒಂದು ಹುಡುಗಿ ಬಿಟ್ಟರ? ಕೊರವಂಜಿ ಹೇಳ್ಯಾಳ, ಸುಳಿ ಇದ್ದರ ಭಾಗ್ಯ ಅಂತ."

"ನಾಳಿನ ಹುಡುಗಿ ನಾಳೆ ನೋಡೂಣು. ಇವತ್ತಿಂದು ನಮ್ಮ ಮನ್ಯಾಗ ಕುಂತೈತಿ" ಎಂದು ಉದ್ದವ್ವ ರೊಟ್ಟಿಯನ್ನು ಹಂಚಿಗೆ ಹಾಕಿದ ಸದ್ದು ಅಂಗಳದವರೆಗೆ ಕೇಳಿಸಿತು. ಅಂದಿನಿಂದ ಆಟದ ದಿನದವರೆಗೆ ಅವಳು ಗಂಡನೊಂದಿಗೆ ಚನ್ನವ್ವನ ಮೂಲಕವೇ ಮಾತಾಡಿದಳು. "ಚನ್ನವ್ವ, ಹರಿಶ್ಚಂದ್ರಗ ಊಟಕ್ಕ ಕರಿ" ಎನ್ನುತ್ತಿದ್ದಳು.

ದುಂಡಪ್ಪ ಮಾಡಿದ್ದು ಒಂದೇ ಕೆಲಸ. ಭಾಗವತ ಸೋಮಪ್ಪನಿಗೆ ಹೇಳಿ ಚಾಳಿನ ಆಟವನ್ನು ಗಿರಣಿಯ ರಜೆಯ ದಿನ ಮಧ್ಯಾಹ್ನಕ್ಕೆ ಇಡಿಸಿದ. ಹಗಲು ಆಟವೇ ಎಂದು ಸೋಮಪ್ಪ ಹುಬ್ಬೇರಿಸಿದ. "ಗ್ಯಾಸಬತ್ತಿ ಬೆಳಕಿನಾಗ ಕೂದಲ ಕಾಣಂಗಿಲ್ಲ" ಎಂದ ದುಂಡಪ್ಪ. ಸೋಮಪ್ಪ ತನ್ನ ಬೋಳು ತಲೆಯ ಬಗ್ಗೆ ಏನೋ ಹೇಳಿದನೆಂದುಕೊಂಡು ಸುಮ್ಮನಾದ.

ಆ ದಿನ ಚಾಳಿನ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ನಡುವೆ ನಾಲ್ಕು ಕಂಬದ ಹಂದರ. ಉದ್ದವ್ವ ಚನ್ನವ್ವನನ್ನು ಬೇಕೆಂದೇ ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದಳು. ಮುಂದಿನ ಸಾಲಿನಲ್ಲಿ ಶಿವಗಂಗವ್ವ, ಅವಳ ಭುಜ ಹಿಡಿದು ಸುಂದ್ರವ್ವ. ಗಂಡಸರ ಕಡೆ ಯಲ್ಲಾರಿ, ಅವನ ಪಕ್ಕ ಗುರುಲಿಂಗಪ್ಪ. ಅವನು ಆಟಕ್ಕೆ ಬೆನ್ನು ಹಾಕದ ಹಾಗೆ, ಆದರೆ ಹೆಂಗಸರ ಹಿಂದಿನ ಸಾಲು ಕಾಣುವ ಹಾಗೆ ಓರೆಯಾಗಿ ಕೂತಿದ್ದ.

ಕೊರವಂಜಿ ಬಂದಳು. ಬುಟ್ಟಿ ಇಳಿಸುವ ಮೊದಲೇ ಶಿವಗಂಗವ್ವ ಎದ್ದಳು. ತಟ್ಟೆಯಲ್ಲಿ ಕುಬಸದ ಖಣ, ಕಾಯಿ ಇಟ್ಟು ಆಯೇರಿ ಮಾಡಿದಳು.

"ನನ್ನ ಮಗಗ ನೋಡಿದ ಹುಡುಗಿ ಹೆಡಕಿನಾಗ ಸುಳಿ ಐತಿ. ತರಬೇಕೋ ಬ್ಯಾಡೋ, ಕಣಿ ಹೇಳು ತಾಯಿ" ಎಂದಳು. ಧ್ವನಿಯಲ್ಲಿ ನಾಟಕವಿರಲಿಲ್ಲ.

ಹಿಂದಿನ ಸಾಲಿನಿಂದ ಉದ್ದವ್ವ ಗಂಡನನ್ನು ನೋಡಿದ ನೋಟದಲ್ಲಿ ರೊಟ್ಟಿ ಬೇಯುತ್ತಿತ್ತು.

"ಕೊರವಂಜಿ ಕೈ ನೋಡೂಕಿಂತ ಮೊದಲ ಕುತ್ತಿಗಿ ನೋಡ್ತಾಳ" ಎಂದ ದುಂಡಪ್ಪ, ಬುಟ್ಟಿಯ ಮೇಲೆ ಕೈ ಊರಿ.

"ಯಾರ ಕುತ್ತಿಗಿಬೇ?" ಎಂದು ಸೋಮಪ್ಪ ರೂಢಿಯಂತೆ ಎತ್ತಿಕೊಟ್ಟ.

"ಎಲ್ಲಾರದು. ಕುಂತಾಕಿ ಬಾಜೂದಾಕಿ ಸೆರಗ ಸರಿಸಿ ಹೆಡಕ ನೋಡ್ರಿ. ಹೇನ ಸಿಕ್ಕರ ನಿಮಗ, ಸುಳಿ ಸಿಕ್ಕರ ನನಗ."

ನಗೆಯೆದ್ದಿತು. ಮೊದಲು ಬಾಳವ್ವ ಪಕ್ಕದವಳ ಕುತ್ತಿಗೆ ನೋಡಿದಳು. ಆಮೇಲೆ ತಡೆಯುವವರಿರಲಿಲ್ಲ. ಬಯಲೆಲ್ಲ ಹೆಂಗಸರು ತಲೆ ಬಗ್ಗಿಸಿ ಕೂದಲು ಸರಿಸಿಕೊಂಡು ಕೂತರು. ಗಂಡಸರೂ ರುಮಾಲು ಬಿಚ್ಚಿದರು. "ಅಯ್ಯ, ನಿಂದೂ ಐತಬೇ," "ನಂದು ಬಲಕ್ಕೇನ ಎಡಕ್ಕೇನ ನೋಡ," "ಇದು ಸುಳಿ ಅಲ್ಲ, ಸುಟ್ಟ ಕಲೆ" ಎಂಬ ಗದ್ದಲದಲ್ಲಿ ಪೇಟಿಯವನು ಬಾರಿಸುವುದನ್ನೇ ಬಿಟ್ಟ.

"ಈಗ ಸೊಸಿಯಾಗಿ ಬಂದಾಕೇರೆಲ್ಲಾ ಏಳ್ರಿ" ಎಂದಳು ಕೊರವಂಜಿ. "ಸುಳಿ ಐತಿ, ಅತ್ತೀನೂ ಅದಾಳ, ಅಂಥಾಕೇರು ಈ ಕಂಬಕ್ಕ. ಸುಳಿ ಐತಿ, ಅತ್ತಿ ಹೋಗ್ಯಾಳ, ಆ ಕಂಬಕ್ಕ. ಸುಳಿ ಇಲ್ಲ, ಅತ್ತಿ ಅದಾಳ, ಅತ್ತಾಗಿನ ಕಂಬಕ್ಕ. ಸುಳೀನೂ ಇಲ್ಲ, ಅತ್ತೀನೂ ಇಲ್ಲ, ಪುಣ್ಯವಂತರು ನನ್ನ ಬೆನ್ನ ಹಿಂದಿನ ಕಂಬಕ್ಕ."

ಪುಣ್ಯವಂತರ ಕಂಬಕ್ಕೆ ಒಬ್ಬಳು ಸೊಸೆ ಸರಸರ ಹೊರಟಳು. ಹಿಂದಿನಿಂದ ಒಂದು ಧ್ವನಿ ಬಂತು. "ಏ, ಎಲ್ಲಿ ಹೊಂಟಿ? ನಾ ಇನ್ನೂ ಕುಂತೀನಿ ಇಲ್ಲೆ." ಸೊಸೆ ತಿರುಗಿ ಬಂದು ಸರಿಯಾದ ಕಂಬ ಹಿಡಿದಳು. ಇನ್ನೊಬ್ಬಳು ಅತ್ತೆ ತೀರಿದ ಕಂಬದ ಬಳಿ ಹೋಗಿ, ತೀರಿದ ಅತ್ತೆ ನೆನಪಾಗಿ ಕಣ್ಣು ಒರೆಸಿಕೊಂಡಳು.

ಗದ್ದಲ ಇಳಿದಾಗ ನಾಲ್ಕೂ ಕಂಬಗಳಿಗೆ ಹೆಂಗಸರು ಜೋತುಬಿದ್ದಿದ್ದರು. ಯಾವ ಕಂಬವೂ ಬರಿದಾಗಿರಲಿಲ್ಲ.

"ಯಲ್ಲಾರಿ ಅಣ್ಣಾ, ನೋಡಪಾ" ಎಂದಳು ಕೊರವಂಜಿ. "ಸುಳಿ ಅತ್ತೀನ ನುಂಗೂದಾದರ ಈ ಮೊದಲನೇ ಕಂಬಕ್ಕ ಯಾಕಿಷ್ಟು ಮಂದಿ ಅದಾರ? ಸುಳಿ ಇಲ್ಲದವರ ಅತ್ತೇರ್ನ ಯಾವುದು ನುಂಗೀತು?"

"ಎತ್ತಿನಾಗ ಖರೆ ಐತಿ" ಎಂದ ಯಲ್ಲಾರಿ, ಎದ್ದು. "ಅದರಾಗ ಖರೆ ಅಂದಮ್ಯಾಲ ಇದರಾಗೂ ಖರೆ."

"ಹಂಗಾರ ಹುಡುಗಿ ಹಲ್ಲೂ ಎಣಸಬೇಕಾಗಿತ್ತಲ್ಲ. ಗಾಡಿಗೆ ಹೂಡಿ ಒಂದ ಸುತ್ತ ಓಡಸಬೇಕಾಗಿತ್ತು."

ಗಂಡಸರ ಕಡೆಯಿಂದ ಸಿಳ್ಳೆ ಬಿತ್ತು. ಯಲ್ಲಾರಿ ಕೂತ. ಆದರೆ ಶಿವಗಂಗವ್ವ ಕೂತಿರಲಿಲ್ಲ, ಯಾವ ಕಂಬಕ್ಕೂ ಹೋಗಿರಲಿಲ್ಲ. ಅವಳ ಕುತ್ತಿಗೆಯನ್ನು ನೋಡುವ ಧೈರ್ಯ ಅಕ್ಕಪಕ್ಕದಲ್ಲಿ ಯಾರಿಗೂ ಇರಲಿಲ್ಲ. ಆಗ ಅವಳ ಭುಜ ಹಿಡಿದೇ ಎದ್ದು ನಿಂತಿದ್ದ ಸುಂದ್ರವ್ವನ ಮುದಿ ಕೈ ನಿಧಾನವಾಗಿ ಮೇಲೆ ಬಂದು ಸೊಸೆಯ ಸೆರಗಿನ ಕೆಳಗೆ ಹೋಯಿತು. ಬೆರಳು ತಡವಿತು, ನಿಂತಿತು, ಮತ್ತೆ ತಡವಿತು.

"ಐತಿ" ಎಂದಳು ಮುದುಕಿ. "ಎಡಕ್ಕ ತಿರಗೇತಿ. ನನ್ನ ನುಂಗಾಕ ಇಕಿ ಬಾಳ ದಿನದಿಂದ ಪ್ರಯತ್ನ ಮಾಡಾಕತ್ತಾಳ, ಆಗವಲ್ಲದು."

ಬಯಲು ಬಿದ್ದು ಬಿದ್ದು ನಕ್ಕಿತು. ಶಿವಗಂಗವ್ವ ನಗಲಿಲ್ಲ. ಅವಳ ಮುಖ ಇನ್ನೂ ಬಿಗಿದಿತ್ತು.

"ಕಂಬದ ಮಾತ ಬ್ಯಾಡ. ಇಷ್ಟು ಮಂದ್ಯಾಗ ಆಗಿದ್ದು ನನಗ ಆಗಬೇಕಂತಿಲ್ಲ. ನಿನ್ನ ಬಾಯಿಂದ ಕಣಿ ಹೇಳು. ತಂದರ ನಾ ಬದಕ್ತೀನೋ ಇಲ್ಲೋ?"

ಇದೇ ಆ ಗಳಿಗೆ. 'ಬದುಕುತ್ತಿ ತಾಯಿ, ನೂರು ವರ್ಷ' ಎಂದರೆ ಮುಗಿಯುತ್ತಿತ್ತು. ಉದ್ದವ್ವ ಅರ್ಧ ಎದ್ದು ನಿಂತಿದ್ದಳು. ಚನ್ನವ್ವ ತಲೆ ತಗ್ಗಿಸಿದ್ದಳು, ಅಂದು ಮೊದಲ ಬಾರಿಗೆ ಸೆರಗು ಎಳೆದುಕೊಳ್ಳಲು ಮರೆತು. ದುಂಡಪ್ಪ ಅವಳನ್ನು ನೋಡಿದ. ಸೀರೆಯ ಸೆರಗಿನಿಂದ ಬೆವರೊರೆಸಿಕೊಂಡ.

"ಕೊರವಂಜಿಗೆ ಗೊತ್ತಿಲ್ಲ" ಎಂದ.

ಆ ಮಧ್ಯಾಹ್ನದ ಅತಿ ದೊಡ್ಡ ನಗು ಅದಕ್ಕೇ ಬಿತ್ತು. ಗೊತ್ತಿಲ್ಲ ಎನ್ನುವ ಕಣಿಯವಳನ್ನು ಯಾರು ಕಂಡಿದ್ದರು? ಸೋಮಪ್ಪನೂ ತಾಳ ಬಿಟ್ಟು ನಕ್ಕ. ಉದ್ದವ್ವ ದೊಪ್ಪನೆ ಕೂತಳು.

"ಗೊತ್ತಿಲ್ಲ ಅಂದ್ರ?" ಎಂದಳು ಶಿವಗಂಗವ್ವ. ಅವಳೊಬ್ಬಳೇ ನಗದೆ ಇದ್ದವಳು.

"ಯಾರ ಯಾವಾಗ ಸಾಯ್ತಾರ ಅಂತ ನನಗ ಗೊತ್ತಿಲ್ರಿ ಅಕ್ಕಾರ. ನಿಮ್ಮ ತಮ್ಮಗೂ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟ. ನಾಲ್ಕು ಕಂಬಕ್ಕೂ ಮಂದಿ ಅದಾರ. ಹುಡುಗಿ ಚಲೋ ಅದಾಳ. ಅಕಿ ನಮ್ಮ ಮನ್ಯಾಗ ಬೆಳದಾಳ, ಅದನ್ನ ನಾ ಕಣ್ಣಾರೆ ಕಂಡೀನಿ." ಅದು ಕೊರವಂಜಿಯ ಧ್ವನಿಯಾಗಿರಲಿಲ್ಲ. ಸೀರೆಯೊಳಗಿನಿಂದ ಧೋತರದ ಮಾತು ಬಂದಿತ್ತು.

ಶಿವಗಂಗವ್ವ ಅವನನ್ನೇ ನೋಡುತ್ತ ನಿಂತಳು. ಆಯೇರಿ ಕೊಟ್ಟವರಿಗೆ ಒಳ್ಳೆಯದನ್ನೇ ಹೇಳುವುದು ಕಣಿಯವರ ಧರ್ಮ. ಖಣ ತೆಗೆದುಕೊಂಡೂ ಗೊತ್ತಿಲ್ಲ ಎಂದವರನ್ನು ಅವಳು ಕಂಡಿರಲಿಲ್ಲ.

"ಅತ್ತಿ, ಏನ ಮಾಡೂಣು?" ಎಂದಳು, ಸುಂದ್ರವ್ವನ ಕಡೆ ತಿರುಗಿ.

"ತರ್ರಿ ಹುಡುಗೀನ" ಎಂದಳು ಮುದುಕಿ. "ಮನಿಗೆ ಹಿರೀ ಅತ್ತಿ ನಾ. ನುಂಗಿದರ ಮೊದಲ ನನ್ನ ನುಂಗಲಿ. ನಾ ಉಳದ್ರ ಸುಳಿ ಸುಳ್ಳು."

ಎಲ್ಲರೂ ಭೇಷ್ ಎಂದರು. ಎಲ್ಲ ಮುಗಿಯಿತೆಂದು ಉದ್ದವ್ವ ಉಸಿರು ಬಿಟ್ಟಳು. ಆಗ ದುಂಡಪ್ಪ ಕೈ ಎತ್ತಿದ.

"ಅದು ಆಗೂದಿಲ್ರಿ ಅಮ್ಮಾ. ಅದು ಸರಿಯಾದ ಪರೀಕ್ಷಾ ಅಲ್ಲ. ನಿಮಗ ಎಂಬತ್ತು ದಾಟೇತಿ. ನೀವು ಸುಮ್ಮನ ಸತ್ತರೂ ಮಂದಿ ಸುಳೀದ ಹೆಸರ ಹೇಳ್ತಾರ. ಸುಳೀಗೆ ಅನ್ಯಾಯ ಆಗತೈತಿ."

ಹಿಂದಿನ ಸಾಲಿನಿಂದ ಉದ್ದವ್ವ ಇಷ್ಟು ದಿನಗಳ ಮೌನ ಮುರಿದು ನೇರವಾಗಿ ಗಂಡನಿಗೇ ಹೇಳಿದಳು. "ಬಾಯಿ ಮುಚ್ಚತೀರಾ ಇಲ್ಲೋ?"

ಅವನು ಮುಚ್ಚಿದ. ಸುಂದ್ರವ್ವ ಬೊಚ್ಚು ಬಾಯಲ್ಲಿ ನಕ್ಕು, "ಹಂಗಾರ ನಾ ಸಾಯೂದ ಸ್ವಲ್ಪ ಮುಂದ ಹಾಕ್ತೀನಿ ತಗೋರಿ" ಎಂದಳು. ಆ ಮಾತಿಗೆ ಶಿವಗಂಗವ್ವನಿಗೂ ನಗು ತಡೆಯಲಾಗಲಿಲ್ಲ. ಒಮ್ಮೆ ನಕ್ಕ ಮೇಲೆ ಹೆದರಿಕೆಯನ್ನು ಮೊದಲಿನ ಗಾತ್ರಕ್ಕೆ ತರುವುದು ಕಷ್ಟ. ಅವಳು ನಡೆದು ಹೋಗಿ, ಹಿಂದಿನ ಸಾಲಿನಲ್ಲಿದ್ದ ಚನ್ನವ್ವನ ಸೆರಗನ್ನು ತಾನೇ ಸರಿಮಾಡಿ, "ಏಳ, ಮುಂದ ಬಂದ ಕುಂಡ್ರ" ಎಂದಳು. ಗಂಡಸರ ಕಡೆ ಗುರುಲಿಂಗಪ್ಪ ಓರೆ ಬಿಟ್ಟು ನೆಟ್ಟಗೆ ಕೂತ. ಆಟ 'ಮುಂದ ಸಾಗಲಿ' ಎಂದು ಮೊದಲು ಕೂಗಿದವನು ಅವನೇ ಎಂದು ಹೇಳುತ್ತಾರೆ.

ಲಗ್ನವಾಯಿತು. ದುಂಡಪ್ಪ ಫಾಲ್ಸಿನ ಕಡೆ ಮೇಳ ಹೋದಾಗಲೆಲ್ಲ ಆ ಮನೆಗೆ ಹೋಗಿ ಬರುತ್ತಿದ್ದ. ಬಳಗದ ಪ್ರೀತಿಯೂ ಹೌದು, ಪರೀಕ್ಷೆ ಎಲ್ಲಿಗೆ ಬಂತೆಂದು ನೋಡುವ ಚಟವೂ ಹೌದು. ಮುದುಕಿ ಮಾತಿನಂತೆ ಸಾವನ್ನು ಮುಂದೆ ಹಾಕುತ್ತಲೇ ಇದ್ದಳು. ಶಿವಗಂಗವ್ವ ಸ್ವಲ್ಪ ದಪ್ಪಗಾಗಿದ್ದಳು. ಒಂದು ಚಳಿಗಾಲದಲ್ಲಿ ಅವಳಿಗೆ ಜ್ವರ ಬಂದಾಗ ಚಾಳಿನವರೆಲ್ಲ ಚನ್ನವ್ವನ ಕುತ್ತಿಗೆ ನೋಡಿದರಂತೆ. ಚನ್ನವ್ವ ಕಷಾಯ ಕುದಿಸಿಕೊಟ್ಟು, ಅತ್ತೆ ಎದ್ದು ಕೂತ ಮೇಲೆ, ನೋಡಿದವರೆಲ್ಲರ ಮನೆಗೆ ಹೋಗಿ ಅತ್ತೆ ಹುಷಾರಾದಳೆಂದು ಹೇಳಿ ಬಂದಳಂತೆ.

ಶಿವಗಂಗವ್ವನ ಎರಡನೆಯ ಮಗನಿಗೆ ಹೆಣ್ಣು ನೋಡುವ ಹೊತ್ತು ಬಂತು. ದುಂಡಪ್ಪ ಉದ್ದವ್ವನನ್ನೂ ಕರೆದುಕೊಂಡು ಹೋದಾಗ ಶಿವಗಂಗವ್ವ ಅವನಿಗೆ ಚಾಪೆ ಹಾಸಿ, ಈಗ ನಗದೆ, ಮಾತಾಡಿದಳು.

"ಮಾಸ್ತರ, ಸುಳಿ ಗಿಳಿ ಎಲ್ಲಾ ಬಿಟ್ಟೀನ್ರಿ ನಾ. ನೀವು ಹೇಳಿದ್ದ ಖರೆ. ಆದರ ನಿನ್ನೆ ನೋಡಿದ ಹುಡುಗಿ ನಮಗ ಬ್ಯಾಡಂದೀನಿ. ಕಾಲಿನ ಎರಡನೇ ಬೆರಳ ಹೆಬ್ಬೆರಳಕಿಂತ ಉದ್ದ ಐತಿ. ಅಂಥಾಕಿ ಗಂಡನ್ನ ಮುಷ್ಟಿಯೊಳಗ ಇಟಗೋತಾಳ."

ದುಂಡಪ್ಪ ಹಣೆ ಹಿಡಿದುಕೊಂಡ. "ಅಕ್ಕಾರ, ಮತ್ತ ಅದನ್ನ? ಕಣ್ಣಾರೆ ಕಂಡೀರೇನ್ರಿ ಎಲ್ಲೆರ? ತೋರಸ್ರಿ."

ಅಷ್ಟರಲ್ಲಿ ಚನ್ನವ್ವ ಚಹಾ ತಂದಳು. ಒಳಗೆ ಗುರುಲಿಂಗಪ್ಪ ಅವಳು ಹೇಳಿದಂತೆ ಸಜ್ಜಕಕ್ಕೆ ಬೆಲ್ಲ ಜಜ್ಜುತ್ತಿದ್ದ. ಭಾನುವಾರ ನೀರು ತರುವುದೂ ಅವನೇ, ಸಂತೆಗೆ ಹೋಗುವುದೂ ಅವನೇ. ತಾಯಿ ಕರೆದರೆ 'ಅಕೀನ ಕೇಳಿ ಬರ್ತೀನಿ' ಎನ್ನುವುದೂ ಅವನೇ. ಚನ್ನವ್ವ ಬಟ್ಟಲು ಇಟ್ಟು, ಸೀರೆಯ ನಿರಿಗೆ ಸ್ವಲ್ಪ ಎತ್ತಿ ತನ್ನ ಪಾದವನ್ನು ಮುಂದೆ ಚಾಚಿದಳು. ಎರಡನೆಯ ಬೆರಳು ಹೆಬ್ಬೆರಳನ್ನು ದಾಟಿ ಕಾಲುಂಗುರ ಹಾಕಿಕೊಂಡು ಕೂತಿತ್ತು.

"ಅತ್ತಿ, ನಂದೂ ಹಂಗ ಐತಲ್ರಿ" ಎಂದಳು.

"ಅದಕ್ಕ ಹೇಳಾಕತ್ತೇನಿ" ಎಂದಳು ಶಿವಗಂಗವ್ವ. "ನೋಡ್ರಿ ಮಾಸ್ತರ, ನೀವ ಕೇಳ್ತೀರಲ್ಲ ತೋರಸ್ರಿ ಅಂತ. ತೋರಿಸೀನಿ."

ದುಂಡಪ್ಪ ಬೆರಳನ್ನು ನೋಡಿದ, ಒಳಗೆ ಬೆಲ್ಲ ಜಜ್ಜುವ ಸದ್ದನ್ನು ಕೇಳಿದ. ಒಂದೇ ಸೊಸೆಯ ಮೇಲೆ ಹೇಳಲಾಗುವುದಿಲ್ಲ, ಮತ್ತೆ ನಾಲ್ಕು ಕಂಬ ಹುಗಿಯಬೇಕು ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು, ಒಳಗೆ ಸುಂದ್ರವ್ವನೊಂದಿಗೆ ಹರಟುತ್ತ ಕಾಲು ಚಾಚಿ ಕೂತ ಉದ್ದವ್ವನ ಪಾದದ ಮೇಲೆ ಬಿತ್ತು. ಅಲ್ಲೂ ಎರಡನೆಯ ಬೆರಳೇ ಮುಂದಿತ್ತು. ಆಮೇಲೆ ಚಹಾ ಆರುತ್ತದೆಂದು ಬಟ್ಟಲು ಎತ್ತಿಕೊಂಡ.